ಅಂಚಿನಿಂದ ಎರಡು ಹೆಜ್ಜೆ ಈಚೆ

ಓವರ್‌ಕ್ಲಾಕ್ ಮಾಡುವವರ ಮಾತಿನಲ್ಲಿ ಪದೇಪದೇ ಬರುವ ಶಬ್ದ ‘ಸ್ಟೇಬಲ್’. ನಾಲ್ಕೂವರೆ ಗಿಗಾಹರ್ಟ್ಸ್‌ನಲ್ಲಿ ಸ್ಟೇಬಲ್, ರಾತ್ರಿಯಿಡೀ ಟೆಸ್ಟ್ ಓಡಿಸಿದರೂ ಸ್ಟೇಬಲ್, ಗಂಟೆಗಟ್ಟಲೆ ಗೇಮ್ ಆಡಿದರೂ ಸ್ಟೇಬಲ್. ಮೂಟೆಯ ತೂಕವನ್ನೋ ಬಟ್ಟೆಯ ಉದ್ದವನ್ನೋ ಹೇಳುವಷ್ಟೇ ನಿಶ್ಚಿಂತೆಯಿಂದ ಈ ಶಬ್ದವನ್ನು ಬಳಸುತ್ತಾರೆ. ತಕ್ಕಡಿಯಲ್ಲಿಟ್ಟು ತೂಗಬಹುದಾದ ಗುಣ ಅದಲ್ಲ. ಸ್ಟೇಬಲ್ ಎಂದರೆ ಈ ಯಂತ್ರ ಇನ್ನು ಮುಂದೆ ಲೆಕ್ಕ ತಪ್ಪುವುದಿಲ್ಲ ಎಂದು ಅರ್ಥ. ಇನ್ನೂ ಬಾರದ ಕಾಲದ ಬಗ್ಗೆ ಕೊಡುವ ಮಾತು ಅದು. ಪರೀಕ್ಷೆ ಎಷ್ಟು ಗಂಟೆಯದಾದರೂ ಆಗಿಹೋದದ್ದನ್ನು ಮಾತ್ರ ಹೇಳೀತು. ಆದ್ದರಿಂದ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವವರು ಪರೀಕ್ಷೆ ಪಾಸಾಗುವ ಅತಿ ದೊಡ್ಡ ಸಂಖ್ಯೆಯನ್ನು ಹುಡುಕುತ್ತಾ ಕೂರುವುದು ತಪ್ಪು ದಾರಿ ಎಂದೇ ನನ್ನ ಅಭಿಪ್ರಾಯ. ಅವರು ಹುಡುಕಬೇಕಾದದ್ದು ಸೋಲುವ ಜಾಗವನ್ನು. ಆ ಜಾಗ ಸಿಕ್ಕಮೇಲೆ ಅಲ್ಲಿಂದ ಅಳೆದು ಹಿಂದೆ ಸರಿಯಬೇಕು. ಪರೀಕ್ಷೆ ಕೊಡುವುದು ಅಂಚಿನ ವಿಳಾಸವನ್ನು. ಸ್ಥಿರತೆ ಇರುವುದು ಆ ಅಂಚಿಗೂ ನಮಗೂ ನಡುವೆ ಬಿಟ್ಟುಕೊಂಡ ಜಾಗದಲ್ಲಿ.

ಅಂಚು ಏಕಿದೆ ಎಂಬುದನ್ನು ಮೊದಲು ನೋಡೋಣ. ಮನೆಗೆ ಆರ್‌ಸಿಸಿ ಹಾಕುವ ದಿನ ಕಾಂಕ್ರೀಟ್ ತುಂಬಿದ ಬಾಂಡ್ಲಿಗಳು ನೆಲದಿಂದ ಸೂರಿಗೆ ಕೈಯಿಂದ ಕೈಗೆ ಸಾಗುವುದನ್ನು ನಾವೆಲ್ಲ ನೋಡಿದ್ದೇವೆ. ಸಾಲಿನಲ್ಲಿರುವವರೆಲ್ಲ ಒಂದೇ ಲಯದಲ್ಲಿ ತಿರುಗಬೇಕು. ಒಬ್ಬರ ಕೈ ಬಿಡುವ ಹೊತ್ತಿಗೆ ಇನ್ನೊಬ್ಬರ ಕೈ ಸಿದ್ಧವಿರಬೇಕು. ಲಯ ಚುರುಕಾದಷ್ಟೂ ಕೆಲಸ ಬೇಗ ಮುಗಿಯುತ್ತದೆ. ಆದರೆ ಲಯ ಎಷ್ಟು ಚುರುಕಾಗಬಹುದು ಎಂಬುದು ಏಣಿಯ ಮೇಲೆ ನಿಂತು ಎಲ್ಲರಿಗಿಂತ ದೂರ ಕೈಚಾಚಬೇಕಾದವನ ಮೇಲೆ ನಿಂತಿದೆ. ಪ್ರೊಸೆಸರ್‌ನ ಒಳಗೂ ಹೀಗೆಯೇ. ಕ್ಲಾಕಿನ ಒಂದು ಬಡಿತಕ್ಕೆ ಹೊರಟ ಸಿಗ್ನಲ್ ಸಾಲುಸಾಲು ಟ್ರಾನ್ಸಿಸ್ಟರುಗಳನ್ನು ದಾಟಿ, ಮುಂದಿನ ಬಡಿತ ಬೀಳುವ ಮುನ್ನ ಮುಂದಿನ ಅಟ್ಟಣೆಗೆ ತಲುಪಿ ನೆಲೆನಿಂತಿರಬೇಕು. 5 ಗಿಗಾಹರ್ಟ್ಸ್‌ನಲ್ಲಿ ಎರಡು ಬಡಿತಗಳ ನಡುವಿನ ಬಿಡುವು 200 ಪಿಕೊಸೆಕೆಂಡ್. ಅಷ್ಟರಲ್ಲಿ ಬಟ್ಟಬಯಲಿನ ಬೆಳಕೇ 6 ಸೆಂಟಿಮೀಟರ್, ಅಂದರೆ ಮೂರು ನಾಲ್ಕು ಬೆರಳಿನಗಲ, ಹೋಗಿರುತ್ತದೆ. ಚಿಪ್ಪಿನ ಅತಿ ಉದ್ದದ ದಾರಿಯಲ್ಲಿ ಹೊರಟ ಸಿಗ್ನಲ್ ಈ ಬಿಡುವಿಗಿಂತ ಒಂದು ಕೂದಲೆಳೆ ತಡವಾದರೂ ಮುಂದಿನ ಅಟ್ಟಣೆ ಹಳೆಯ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ. ಒಂದು ಇರಬೇಕಾದಲ್ಲಿ ಸೊನ್ನೆ ಕೂರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಯಾರೂ ಕೂಗಿ ಹೇಳುವುದಿಲ್ಲ. ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರುಗಳು ಇನ್ನಷ್ಟು ಬೇಗ ಹೊರಳುತ್ತವೆ, ತಡವಾಗುತ್ತಿದ್ದ ಸಿಗ್ನಲ್ ಮತ್ತೆ ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಓವರ್‌ಕ್ಲಾಕಿಂಗ್‌ನ ಒಳಗುಟ್ಟು ಇಷ್ಟೇ.

ಇದಕ್ಕೆ ತೆರುವ ಬೆಲೆಯ ಲೆಕ್ಕವೂ ಸರಳ. ಚಿಪ್ ಎಳೆದುಕೊಳ್ಳುವ ವಿದ್ಯುತ್ತು, ಅಂದರೆ ಕೊನೆಗೆ ಅದು ಹೊರಹಾಕುವ ಶಾಖ, ವೇಗದ ಜೊತೆ ನೇರವಾಗಿ ಏರುತ್ತದೆ. ವೋಲ್ಟೇಜಿನ ಜೊತೆಗಾದರೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 2011ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಐ7-2600ಕೆ ಯನ್ನು ತೆಗೆದುಕೊಳ್ಳಿ. ತಾವೇ ಕಂಪ್ಯೂಟರ್ ಜೋಡಿಸಿಕೊಳ್ಳುವ ಎಷ್ಟೋ ಮಂದಿಗೆ ಅದೇ ಮೊದಲ ಪಾಠಶಾಲೆ. ಅದರ ಮೂಲ ವೇಗ 3.4 ಗಿಗಾಹರ್ಟ್ಸ್. 100 ಮೆಗಾಹರ್ಟ್ಸ್‌ನ ಮೂಲ ಬಡಿತವನ್ನು 34ರಿಂದ ಗುಣಿಸಿದರೆ ಬರುವ ವೇಗ ಅದು. ಹೆಸರಿನ ಕೊನೆಯ ‘ಕೆ’ ಅಕ್ಷರ ಆ ಗುಣಕಕ್ಕೆ ಬೀಗ ಹಾಕಿಲ್ಲ ಎಂದು ಸಾರುತ್ತದೆ. ಸುಮಾರು 1.2 ವೋಲ್ಟ್‌ನಲ್ಲಿ 3.4ಕ್ಕೆ ಓಡುವ ಚಿಪ್ಪಿಗೆ 1.35 ವೋಲ್ಟ್ ಕೊಟ್ಟು 4.5ಕ್ಕೆ ಏರಿಸಿದರೆ ವೇಗ ಶೇ. 32ರಷ್ಟು ಹೆಚ್ಚುತ್ತದೆ, ಶಾಖ ಶೇ. 68ರಷ್ಟು. ಒಳ್ಳೆಯ ಕೂಲರ್ ಇದ್ದವರು ಇದಕ್ಕೆ ಒಪ್ಪಬಹುದು. ಅಲ್ಲಿಂದ 4.7ಕ್ಕೆ ಹೋಗಲು 1.45 ವೋಲ್ಟ್ ಬೇಕಾಯಿತು ಎನ್ನಿ. ಈಗ ಸಿಗುವ ಹೆಚ್ಚುವರಿ ವೇಗ ಶೇ. 4.4, ಅದಕ್ಕೆ ತೆರುವ ಹೆಚ್ಚುವರಿ ಶಾಖ ಶೇ. 20. ಮೊದಮೊದಲು ಗುಣಕ ಒಂದೊಂದು ಏರಿದಾಗ 20 ಮಿಲಿವೋಲ್ಟ್ ಸಾಕಾಗುತ್ತಿದ್ದದ್ದು, ಒಂದು ಹಂತ ದಾಟಿದ ಮೇಲೆ 40, 60, 80 ಎಂದು ಕೇಳತೊಡಗುತ್ತದೆ. ದಾರಿ ಕಡಿದಾಗತೊಡಗುವ ಆ ತಿರುವನ್ನು ಗುರುತಿಸುವುದೇ ಅರ್ಧ ಕೆಲಸ. ಚಿಪ್ ತಾನಾಗಿ ಹೇಳುವ ಮಾತು ಅದೊಂದೇ, ಅದನ್ನು ಕೇಳಿಸಿಕೊಳ್ಳುವವರು ಕಡಿಮೆ.

ಕಂಪನಿ ತಾನೇ ಏಕೆ ಅಷ್ಟು ವೇಗ ಕೊಡಲಿಲ್ಲ ಎಂಬ ಪ್ರಶ್ನೆ ಸಹಜ. ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದರಂತೆ ಒಂದಿರುವುದಿಲ್ಲ. ಒಂದೇ ಗದ್ದೆಯ ಭತ್ತದಲ್ಲೂ ಜೊಳ್ಳು ಗಟ್ಟಿ ಇರುವಂತೆ. ಕಂಪನಿ ಅವನ್ನು ಪರೀಕ್ಷಿಸಿ, ವಿಂಗಡಿಸಿ, ಒಂದು ವೇಗದ ಹೆಸರಿನಲ್ಲಿ ಮಾರುವಾಗ ಆ ಗುಂಪಿನ ಅತಿ ದುರ್ಬಲ ಚಿಪ್ಪು ಕೂಡ ಸೆಕೆಯ ಕೋಣೆಯಲ್ಲಿ, ಅಗ್ಗದ ಮದರ್‌ಬೋರ್ಡಿನ ಮೇಲೆ, ವರ್ಷಗಟ್ಟಲೆ ತಪ್ಪದೆ ಓಡಬೇಕೆಂದು ಲೆಕ್ಕಹಾಕಿ ಜಾಗ ಬಿಟ್ಟಿರುತ್ತದೆ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪನ್ನು 66ರ ಬದಲು 100 ಮೆಗಾಹರ್ಟ್ಸ್ ಬಸ್ಸಿನ ಮೇಲೆ ಕೂರಿಸಿದರೆ 300 ಮೆಗಾಹರ್ಟ್ಸ್ 450 ಆಗಿಬಿಡುತ್ತಿತ್ತು, ಬಹುಪಾಲು ಚಿಪ್ಪುಗಳು ಅದನ್ನು ತಡೆದುಕೊಳ್ಳುತ್ತಿದ್ದವು ಕೂಡ. ಓವರ್‌ಕ್ಲಾಕ್ ಮಾಡುವವರು ಬಳಸಿಕೊಳ್ಳುವುದು ಕಂಪನಿ ಬಿಟ್ಟ ಈ ಜಾಗವನ್ನೇ. ಆ ಜಾಗ ವ್ಯರ್ಥವೆಂದು ತಿಳಿಯುವವರು 2000ನೇ ಇಸವಿಯನ್ನು ನೆನಪಿಸಿಕೊಳ್ಳಬೇಕು. ಎಎಂಡಿ ಜೊತೆ ಗಿಗಾಹರ್ಟ್ಸ್ ಪೈಪೋಟಿಗೆ ಬಿದ್ದ ಇಂಟೆಲ್ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಅನ್ನು ಜುಲೈ ಕೊನೆಗೆ ಬಿಡುಗಡೆ ಮಾಡಿತು. ಹಲವು ಬೆಂಚ್‌ಮಾರ್ಕುಗಳಲ್ಲಿ ಅದು ಓಡಿತು. ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡಲು ಹಚ್ಚಿದಾಗ ಮುಗ್ಗರಿಸಿತು. ಟಾಮ್ಸ್ ಹಾರ್ಡ್‌ವೇರ್‌ನ ಥಾಮಸ್ ಪಾಬ್ಸ್ಟ್ ಮತ್ತಿತರ ವಿಮರ್ಶಕರು ಇದನ್ನು ತೋರಿಸಿಕೊಟ್ಟ ಮೇಲೆ, ಆಗಸ್ಟ್ ಮುಗಿಯುವಷ್ಟರಲ್ಲಿ ಇಂಟೆಲ್ ಆ ಚಿಪ್ಪನ್ನು ಹಿಂದಕ್ಕೆ ಕರೆಸಿಕೊಂಡಿತು. ಜಗತ್ತಿನ ಅತಿ ಒಳ್ಳೆಯ ಪರೀಕ್ಷಾ ಸಲಕರಣೆ ಕೈಯಲ್ಲಿದ್ದವರೇ ಅಂಚಿಗೆ ತೀರಾ ಹತ್ತಿರ ನಿಂತಾಗ, ಅವರ ಪರೀಕ್ಷೆಗಳೆಲ್ಲ ಪಾಸಾಗಿದ್ದರೂ, ಇನ್ನಾರದೋ ಟೇಬಲಿನ ಮೇಲಿನ ಒಂದು ದಿನನಿತ್ಯದ ಕೆಲಸ ಅವರನ್ನು ಎಡವಿಸಿತು.

ಹಾಗಾದರೆ ಇನ್ನೂ ಹೆಚ್ಚು ಹೊತ್ತು ಪರೀಕ್ಷಿಸಿದರಾಯಿತಲ್ಲ ಎಂದು ಕೇಳಬಹುದು. ಒಂದು ಗಂಟೆ ಸಾಲದಿದ್ದರೆ ಹನ್ನೆರಡು, ಹನ್ನೆರಡು ಸಾಲದಿದ್ದರೆ ಇಪ್ಪತ್ನಾಲ್ಕು. ಈ ನಂಬಿಕೆಯನ್ನು ಸ್ವಲ್ಪ ಅಂಕಗಣಿತದಿಂದ ತೂಗಿ ನೋಡೋಣ. ಒಂದು ಸೆಟ್ಟಿಂಗಿನಲ್ಲಿ ಸರಾಸರಿ 20 ಗಂಟೆಗೊಮ್ಮೆ ತಪ್ಪು ಸಂಭವಿಸುತ್ತದೆ ಎಂದುಕೊಳ್ಳಿ; ಯಾವಾಗ ಎಂಬುದು ಮಾತ್ರ ಅನಿಶ್ಚಿತ. ಅಂಥ ಯಂತ್ರ ಒಂದು ಗಂಟೆಯ ಪರೀಕ್ಷೆಯನ್ನು ನೂರಕ್ಕೆ 95 ಸಲ ಪಾಸಾಗುತ್ತದೆ. ಪೂರ್ತಿ 24 ಗಂಟೆಯ ಪರೀಕ್ಷೆಯನ್ನೂ ನೂರಕ್ಕೆ 30 ಸಲ ಪಾಸಾಗುತ್ತದೆ. ತಿರುಗಿಸಿ ಹೇಳಿದರೆ, 24 ಗಂಟೆ ಒಂದೂ ತಪ್ಪಿಲ್ಲದೆ ಓಡಿದ ಮೇಲೂ ಶೇ. 95ರ ಭರವಸೆಯಿಂದ ಹೇಳಬಹುದಾದದ್ದು ತಪ್ಪುಗಳ ನಡುವಿನ ಸರಾಸರಿ ಅಂತರ 8 ಗಂಟೆಗಿಂತ ಕಡಿಮೆ ಇಲ್ಲ ಎಂಬುದಷ್ಟೇ. ಒಂದು ಇಡೀ ದಿನದ ವಿದ್ಯುತ್ತನ್ನು ಸುಟ್ಟು ಗಳಿಸಿದ ಜ್ಞಾನ ಇದು. ಪರೀಕ್ಷೆಯ ಅವಧಿಯನ್ನು ಎರಡರಷ್ಟು ಮಾಡಿದರೆ ಭರವಸೆಯೂ ಎರಡರಷ್ಟಾಗುತ್ತದೆ, ಅದಕ್ಕಿಂತ ಹೆಚ್ಚಲ್ಲ. ವೋಲ್ಟೇಜಿನ ನಡೆ ಬೇರೆ. ಮಿಶಿಗನ್ ವಿಶ್ವವಿದ್ಯಾಲಯದ ಟಾಡ್ ಆಸ್ಟಿನ್, ಡೇವಿಡ್ ಬ್ಲಾವ್, ಟ್ರೆವರ್ ಮಜ್ ಮತ್ತು ಅವರ ಸಂಗಡಿಗರು 2003ರಲ್ಲಿ ‘ರೇಜರ್’ ಎಂಬ ವಿನ್ಯಾಸವನ್ನು ಮುಂದಿಟ್ಟರು. ವೋಲ್ಟೇಜನ್ನು ಬೇಕೆಂದೇ ತಪ್ಪು ಹುಟ್ಟುವ ಮಟ್ಟಕ್ಕೆ ಇಳಿಸಿ, ಹುಟ್ಟಿದ ತಪ್ಪನ್ನು ಆ ಕ್ಷಣವೇ ಹಿಡಿದು ತಿದ್ದುವ ಉಪಾಯ ಅದು. ಅದಕ್ಕಾಗಿ ಮಾಡಿದ ಅಳತೆಗಳಲ್ಲಿ ಕಂಡದ್ದೇನೆಂದರೆ, ಮೊದಲ ತಪ್ಪು ಕಾಣಿಸಿದ ವೋಲ್ಟೇಜಿನಿಂದ ಕೆಳಗೆ ಇಳಿಯುತ್ತಿದ್ದಂತೆ ತಪ್ಪಿನ ಪ್ರಮಾಣ ಸ್ವಲ್ಪಸ್ವಲ್ಪವಾಗಿ ಏರದೆ, ಹತ್ತುಪಟ್ಟು ನೂರುಪಟ್ಟಿನ ಜಿಗಿತದಲ್ಲಿ ಏರುತ್ತದೆ. ಇದನ್ನೇ ಮೇಲ್ಮುಖವಾಗಿ ಓದಿಕೊಂಡರೆ ನನ್ನ ವಾದಕ್ಕೆ ಬೇಕಾದ ಆಧಾರ ಸಿಗುತ್ತದೆ. ಪರೀಕ್ಷೆಗೆ ಇನ್ನೊಂದು ರಾತ್ರಿ ಸೇರಿಸಿದರೆ ಸಿಗುವುದು ಎರಡುಪಟ್ಟು ಭರವಸೆ. ಒಂದೆರಡು ಚಿಕ್ಕ ಮೆಟ್ಟಿಲು ವೋಲ್ಟೇಜ್ ಸೇರಿಸಿದರೆ, ಇಲ್ಲವೇ ಗುಣಕವನ್ನು ಒಂದು ಇಳಿಸಿದರೆ, ಸಿಗುವುದು ಅದರ ಎಷ್ಟೋ ಪಟ್ಟು.

ಪರೀಕ್ಷೆ ಬೇಡವೆಂದು ಇದರ ಅರ್ಥವಲ್ಲ. ಅಂಚನ್ನು ಕಂಡುಹಿಡಿಯಲು ಅದಿಲ್ಲದೆ ಆಗದು, ಮತ್ತು ಒಳ್ಳೆಯ ಪರೀಕ್ಷೆ ಹೇಗೆ ಕೆಲಸ ಮಾಡುತ್ತದೆಂದು ತಿಳಿದವರಿಗೆ ಅದರ ಮಿತಿಯೂ ತಿಳಿಯುತ್ತದೆ. ಎಲ್ಲರಿಗೂ ಪರಿಚಿತವಾದ ಪ್ರೈಮ್95 ಹುಟ್ಟಿದ್ದು ಕಂಪ್ಯೂಟರನ್ನು ಪೀಡಿಸಲು ಅಲ್ಲ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟದ ಸಲಕರಣೆ ಅದು. ಲಕ್ಷಾಂತರ ಅಂಕಿಗಳ ಸಂಖ್ಯೆಗಳನ್ನು ಮತ್ತೆಮತ್ತೆ ವರ್ಗ ಮಾಡುತ್ತಾ ಹೋಗುವಾಗ ಎಲ್ಲೋ ಒಂದು ಅಂಕಿ ತಪ್ಪಿದರೂ ವಾರಗಟ್ಟಲೆಯ ದುಡಿಮೆ ಮಣ್ಣುಪಾಲು. ಆದ್ದರಿಂದ ಅದು ತನ್ನ ಲೆಕ್ಕವನ್ನು ತಾನೇ ಕಾಯುತ್ತದೆ. ಗುಣಾಕಾರವನ್ನು ದಶಮಾಂಶಗಳಲ್ಲಿ ನಡೆಸಿ, ಕೊನೆಗೆ ಬಂದ ಪ್ರತಿ ಬೆಲೆಯನ್ನೂ ಹತ್ತಿರದ ಪೂರ್ಣಾಂಕಕ್ಕೆ ಸೇರಿಸುತ್ತದೆ. ಲೆಕ್ಕ ಸರಿಯಿದ್ದರೆ ಬೆಲೆ ಪೂರ್ಣಾಂಕದ ಪಕ್ಕದಲ್ಲೇ ಇರುತ್ತದೆ. ಯಂತ್ರ ಎಡವಿದರೆ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ: ವ್ಯತ್ಯಾಸ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಎರಡು ಪೂರ್ಣಾಂಕಗಳ ನಟ್ಟನಡುವೆ ನಿಂತ ಬೆಲೆ ಯಾವ ಕಡೆಗೆ ಸೇರಬೇಕೆಂದು ಯಾರೂ ಹೇಳಲಾರರು. ಅಲ್ಲಿಗೆ ಆ ಕೋರಿನ ಪರೀಕ್ಷೆ ಮುಗಿಯಿತು. ಓವರ್‌ಕ್ಲಾಕ್ ಮಾಡುವವರು ಹೆದರಿ ನೋಡುವ ಈ ಸಾಲು ನಿಜವಾಗಿ ಅವರ ಹಿತೈಷಿ. ಪರದೆ ನೀಲಿಯಾಗುವುದಕ್ಕೂ ಮುನ್ನ, ಕಡತ ಕೆಡುವುದಕ್ಕೂ ಮುನ್ನ, ಎಲ್ಲಿ ನಿಲ್ಲಬೇಕೆಂದು ಅದು ಹೇಳಿರುತ್ತದೆ.

ಆದರೆ ಪ್ರೈಮ್95 ಒಂದು ಬಗೆಯ ಹೊರೆಯನ್ನು ಮಾತ್ರ ಹೊರಿಸುತ್ತದೆ: ಎಲ್ಲ ಕೋರುಗಳೂ ಏಕಕಾಲಕ್ಕೆ ಬೆವರುವ ಹೊರೆ. ಇಷ್ಟು ಕಠಿಣ ಕೆಲಸ ನಿತ್ಯಜೀವನದಲ್ಲಿ ಎಲ್ಲಿದೆ, ಇದರಲ್ಲಿ ಸೋತರೇನಂತೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಎವಿಎಕ್ಸ್ ಆಜ್ಞೆಗಳನ್ನು ಎಡೆಬಿಡದೆ ಸುರಿಯುವ ಅದರ ಸಣ್ಣ ಗಾತ್ರದ ಪರೀಕ್ಷೆ ಎಬ್ಬಿಸುವಷ್ಟು ಶಾಖವನ್ನು ಮನೆಬಳಕೆಯ ಯಾವ ಪ್ರೋಗ್ರಾಮೂ ಎಬ್ಬಿಸದು, ಒಪ್ಪುವ ಮಾತೇ. ಹಾಗೆಂದು ಹಗುರವಾದ ಕೆಲಸವೆಲ್ಲ ಸುರಕ್ಷಿತ ಎಂದುಕೊಂಡರೆ ಮೋಸಹೋದಂತೆ. 2020ರ ಕೊನೆಗೆ ಬಂದ ಎಎಂಡಿ ರೈಜನ್ 5000 ಸರಣಿಯಲ್ಲಿ ಕರ್ವ್ ಆಪ್ಟಿಮೈಜರ್ ಎಂಬ ಸೌಲಭ್ಯವಿದೆ. ಒಂದೊಂದು ಕೋರಿಗೂ ಬೇರೆಬೇರೆಯಾಗಿ, 30 ಮೆಟ್ಟಿಲುಗಳವರೆಗೆ, ಮೆಟ್ಟಿಲಿಗೆ 3ರಿಂದ 5 ಮಿಲಿವೋಲ್ಟ್‌ನಂತೆ ವೋಲ್ಟೇಜ್ ಇಳಿಸಬಹುದು. ಹೀಗೆ ಇಳಿಸಿದ ಯಂತ್ರ ಎಲ್ಲ ಕೋರುಗಳ ಭಾರೀ ಪರೀಕ್ಷೆಯನ್ನು ರಾತ್ರಿಯಿಡೀ ತಡೆದುಕೊಂಡು, ಬೆಳಿಗ್ಗೆ ಏನೂ ಕೆಲಸವಿಲ್ಲದೆ ಕೂತಿರುವಾಗ ಥಟ್ಟನೆ ರೀಸ್ಟಾರ್ಟ್ ಆಗುವುದುಂಟು. ಕಾರಣ ವಿಚಿತ್ರವಲ್ಲ. ಎಲ್ಲರೂ ದುಡಿಯುವಾಗ ಶಾಖ ಮತ್ತು ವಿದ್ಯುತ್ತಿನ ಮಿತಿಯಿಂದ ಕೋರುಗಳು ತಗ್ಗಿದ ವೇಗದಲ್ಲಿ ಓಡುತ್ತವೆ. ಒಂದೇ ಕೋರಿಗೆ ಚಿಕ್ಕದೊಂದು ಕೆಲಸ ಬಂದಾಗಲೇ ಅದು ತನ್ನ ಅತಿ ಎತ್ತರದ ವೇಗಕ್ಕೆ ಜಿಗಿಯುವುದು. ಅಲ್ಲಿ ವೋಲ್ಟೇಜ್ ಸಾಲದೇಹೋದರೆ ಬೀಳುತ್ತದೆ. ಹಾಗಾಗಿಯೇ ಕೋರ್‌ಸೈಕ್ಲರ್‌ನಂಥ ಸಾಧನಗಳು ಒಂದೊಂದೇ ಕೋರನ್ನು ಸರದಿಯಲ್ಲಿ ಎಬ್ಬಿಸಿ ಪರೀಕ್ಷಿಸುತ್ತವೆ. ಅಂಚು ಒಂದು ಗೆರೆಯಲ್ಲ. ಹೊಲದ ಬದುವಿನಂತೆ ಅಂಕುಡೊಂಕಾಗಿ ಸುತ್ತ ಹಬ್ಬಿದೆ. ಒಂದು ಪರೀಕ್ಷೆ ಅದರ ಒಂದು ಮಗ್ಗುಲನ್ನಷ್ಟೇ ಮುಟ್ಟುತ್ತದೆ.

ಬಯೋಸ್‌ನಲ್ಲಿ ಬರೆದ ವೋಲ್ಟೇಜ್ ಚಿಪ್ಪಿಗೆ ಹಾಗೇ ತಲುಪುತ್ತದೆಂದು ನಂಬುವುದೂ ಸರಿಯಲ್ಲ. ದಾರಿಯಲ್ಲಿ ಒಂದು ಮಿಲಿಓಮ್‌ನಷ್ಟು ತಡೆಯಿದ್ದು 100 ಆಂಪಿಯರ್ ಹರಿದರೆ ಅಲ್ಲೇ 100 ಮಿಲಿವೋಲ್ಟ್ ಕುಸಿಯುತ್ತದೆ, 1.35 ಎಂದು ಬರೆದದ್ದು ಭಾರೀ ಕೆಲಸದ ನಡುವೆ 1.25 ಆಗಿರುತ್ತದೆ. ಈ ಕುಸಿತವನ್ನು ಮುಚ್ಚಲು ಮದರ್‌ಬೋರ್ಡುಗಳು ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಹಿಡಿಕೆ ಕೊಡುತ್ತವೆ. ಅದನ್ನು ಕೊನೆಯವರೆಗೆ ತಿರುಗಿಸಿದರೆ ಕುಸಿತ ಮಾಯವಾಗುತ್ತದೆ, ಆದರೆ ಹೊರೆ ಹಠಾತ್ತನೆ ಇಳಿದ ಗಳಿಗೆಯಲ್ಲಿ ವೋಲ್ಟೇಜ್ ಗುರಿ ಮೀರಿ ಚಿಮ್ಮುತ್ತದೆ. ಮೈಕ್ರೊಸೆಕೆಂಡುಗಳಲ್ಲಿ ಬಂದುಹೋಗುವ ಆ ಚಿಮ್ಮನ್ನು ಸಾಫ್ಟ್‌ವೇರ್ ತೋರಿಸದು, ಮಲ್ಟಿಮೀಟರೂ ತೋರಿಸದು. ನಡುವಿನ ಮಟ್ಟದಲ್ಲಿಟ್ಟು ಒಂದಷ್ಟು ಕುಸಿತವನ್ನು ಒಪ್ಪಿಕೊಳ್ಳುವುದೇ ಲೇಸು.

ಇನ್ನು ಸೆಕೆ. ಓವರ್‌ಕ್ಲಾಕಿಂಗ್ ಕುರಿತ ಬಹುಪಾಲು ಅಂಕಿ ಅಂಶಗಳು ಹವಾನಿಯಂತ್ರಿತ ಕೋಣೆಗಳಿಂದಲೋ ತಂಪು ದೇಶಗಳಿಂದಲೋ ಬರುತ್ತವೆ. ನಮ್ಮ ಓದುಗರು ಹೆಚ್ಚು ಯೋಚಿಸಬೇಕಾದದ್ದು ಇಲ್ಲಿಯೇ. ಗಾಳಿಯಿಂದ ತಣ್ಣಗಾಗುವ ಕೂಲರ್ ಕೋಣೆಯ ಗಾಳಿಗಿಂತ ಇಂತಿಷ್ಟು ಹೆಚ್ಚು ಬಿಸಿ ಎಂಬ ಲೆಕ್ಕದಲ್ಲಿ ಚಿಪ್ಪನ್ನು ಇಡುತ್ತದೆ. ಕೋಣೆ 15 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ತಾಮ್ರದ ತಂತಿಯ ತಡೆ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ, ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳ ಓಟವೂ ಬಿಸಿಗೆ ನಿಧಾನವಾಗುತ್ತದೆ, ಸುಮ್ಮನೆ ಸೋರಿಹೋಗುವ ವಿದ್ಯುತ್ತು ಹೆಚ್ಚುತ್ತದೆ, ಅದು ಮತ್ತಷ್ಟು ಬಿಸಿ ಎಬ್ಬಿಸುತ್ತದೆ. ಡಿಸೆಂಬರ್‌ನ ರಾತ್ರಿ ಬೆಂಗಳೂರಿನ ಒಂದು ಕೋಣೆಯಲ್ಲಿ ಹಿಡಿದ ಅಂಚು ಏಪ್ರಿಲ್‌ನ ಮಧ್ಯಾಹ್ನ ಅದೇ ಕೋಣೆಯಲ್ಲಿ ಇರುವುದಿಲ್ಲ. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಂತೂ ಚಳಿಗಾಲದ ಸೆಟ್ಟಿಂಗನ್ನು ಬೇಸಿಗೆಗೆ ಒಯ್ಯುವ ಮಾತೇ ಇಲ್ಲ. ಇದರ ಜೊತೆ ಕೂಲರಿನ ರೆಕ್ಕೆಗಳ ನಡುವೆ ಸೇರಿಕೊಳ್ಳುವ ಕೆಂಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿವರಾತ್ರಿ ಕಳೆದ ಮೇಲೆ ಬರುವ ಮೂರು ತಿಂಗಳಿಗೆಂದೇ ಒಂದಿಷ್ಟು ಜಾಗವನ್ನು ಬೇರೆಯಾಗಿ ಮೀಸಲಿಡದ ಸೆಟ್ಟಿಂಗನ್ನು ಈ ನಾಡಿನಲ್ಲಿ ಸ್ಟೇಬಲ್ ಎನ್ನಲಾಗದು.

ಬಿಟ್ಟ ಜಾಗ ಕಾಲ ಕಳೆದಂತೆ ಕರಗುತ್ತದೆ ಎಂಬುದು ಇನ್ನೊಂದು ಸಂಗತಿ. ಹೆಚ್ಚು ವೋಲ್ಟೇಜ್ ಮತ್ತು ಶಾಖದಲ್ಲಿ ಟ್ರಾನ್ಸಿಸ್ಟರುಗಳು ಹೊರಳತೊಡಗುವ ಮಟ್ಟ ಮೆಲ್ಲಗೆ ಸರಿಯುತ್ತದೆ. ತೀರಾ ಹೆಚ್ಚು ಕರೆಂಟು ಹರಿದರೆ ತಂತಿಯ ಲೋಹದ ಕಣಗಳೇ ಜಾಗ ಬಿಟ್ಟು ಸರಿಯತೊಡಗುತ್ತವೆ. ಇದು ಪುಸ್ತಕದ ಮಾತೆಂದು ತಳ್ಳಿಹಾಕುತ್ತಿದ್ದವರಿಗೆ 2024 ಉತ್ತರ ಕೊಟ್ಟಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು, ಅದರಲ್ಲೂ ಮೇಲ್ದರ್ಜೆಯ ಕೋರ್ ಐ9-13900ಕೆ ಮತ್ತು 14900ಕೆ, ಮೊದಲು ಚೆನ್ನಾಗಿ ಓಡಿ ಆಮೇಲೆ ಮುಗ್ಗರಿಸತೊಡಗಿದವು. ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಗೇಮುಗಳು ತೆರೆಯುವಾಗ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು. ತಪ್ಪು ಗ್ರಾಫಿಕ್ಸ್ ಕಾರ್ಡಿನದಲ್ಲ. ಅಡಕ ಮಾಡಿದ ದತ್ತಾಂಶವನ್ನು ಬಿಡಿಸುವಾಗ ಪ್ರೊಸೆಸರ್ ಲೆಕ್ಕ ತಪ್ಪುತ್ತಿತ್ತು, ದೂರು ನಿರಪರಾಧಿಯ ಮೇಲೆ ಬೀಳುತ್ತಿತ್ತು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಮೈಕ್ರೊಕೋಡೇ ಕೇಳುತ್ತಿದೆ ಎಂದು ಇಂಟೆಲ್ ಜುಲೈನಲ್ಲಿ ಒಪ್ಪಿಕೊಂಡಿತು. ಕೋರಿನೊಳಗೆ ಬಡಿತವನ್ನು ಹಂಚುವ ಸರ್ಕ್ಯೂಟೇ ಹೆಚ್ಚಿದ ವೋಲ್ಟೇಜ್ ಮತ್ತು ಶಾಖಕ್ಕೆ ಸವೆಯುತ್ತದೆ, ಸವೆದಂತೆ ಚಿಪ್ಪಿಗೆ ಬೇಕಾದ ಕನಿಷ್ಠ ವೋಲ್ಟೇಜ್ ಏರುತ್ತದೆ ಎಂದು ಸೆಪ್ಟೆಂಬರ್‌ನಲ್ಲಿ ವಿವರಿಸಿತು. ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಮಾರಿದ ದಿನ ಇದ್ದ ಅಂಚು ವರ್ಷದ ನಂತರ ತಾನಾಗಿ ಹತ್ತಿರ ಬಂದ ಕಥೆ ಇದು. ಕೈಯಾರೆ ವೋಲ್ಟೇಜ್ ಏರಿಸಿ ಕೂತವರು ತಮ್ಮ ಚಿಪ್ಪಿಗೆ ಇದು ತಟ್ಟದು ಎಂದುಕೊಳ್ಳಲು ಯಾವ ಆಧಾರವೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುವ ಆಕ್ಷೇಪ ಬೇರೆ: ನಾನು ಗೇಮ್ ಆಡುವವನು, ತಿಂಗಳಿಗೊಮ್ಮೆ ಕ್ರ್ಯಾಶ್ ಆದರೆ ಮತ್ತೆ ಆನ್ ಮಾಡಿಕೊಳ್ಳುತ್ತೇನೆ, ನಷ್ಟವೇನು? ಕ್ರ್ಯಾಶ್ ಆದರೆ ನಷ್ಟ ಕಡಿಮೆ, ನಿಜ. ಕ್ರ್ಯಾಶ್ ಆಗದೆ ಉಳಿದ ತಪ್ಪುಗಳೇ ಅಪಾಯಕಾರಿ. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2005ರಲ್ಲಿ ಬರೆದ ಒಂದು ಸಂಗತಿಯಿದೆ. ಬಳಕೆದಾರರಿಂದ ಬಂದ ಕ್ರ್ಯಾಶ್ ವರದಿಗಳನ್ನು ಬಿಡಿಸಿ ನೋಡಿದಾಗ, ಕೆಲವು ಯಂತ್ರಗಳು ಒಂದು ರಿಜಿಸ್ಟರನ್ನು ಸೊನ್ನೆ ಮಾಡುವ ಆಜ್ಞೆಯಲ್ಲಿ ಬಿದ್ದಿದ್ದವು. ಮೆಮೊರಿಯನ್ನು ಮುಟ್ಟದ, ಸೋಲಲು ದಾರಿಯೇ ಇಲ್ಲದ ಆಜ್ಞೆ ಅದು. ಆ ಬಳಕೆದಾರರನ್ನು ವಿಚಾರಿಸಿದರೆ ಹಲವರ ಯಂತ್ರಗಳು ಓವರ್‌ಕ್ಲಾಕ್ ಆಗಿದ್ದವು. ಕೆಲವರಿಗೆ ಅಂಗಡಿಯವರು ಹಾಗೆ ಮಾಡಿ ಮಾರಿದ್ದರೆಂಬುದೇ ಗೊತ್ತಿರಲಿಲ್ಲ. ಸೊನ್ನೆ ಮಾಡಲಾಗದ ಯಂತ್ರ ಕೂಡಿಸುವಾಗ, ಕಳೆಯುವಾಗ, ಕಡತ ಬರೆಯುವಾಗ ಸರಿಯಾಗಿಯೇ ಇದ್ದೀತೆಂದು ಹೇಗೆ ನಂಬುವುದು? 2021ರಲ್ಲಿ ಫೇಸ್‌ಬುಕ್‌ನ ಎಂಜಿನಿಯರುಗಳು ಪ್ರಕಟಿಸಿದ ವರದಿಯ ಪ್ರಕಾರ, ಓವರ್‌ಕ್ಲಾಕ್ ಮಾಡದ ಒಂದು ಸರ್ವರಿನ ದೋಷವುಳ್ಳ ಕೋರ್ 1.1ರ 53ನೇ ಘಾತದ ಪೂರ್ಣಾಂಕ ಭಾಗ 156 ಎನ್ನುವ ಬದಲು 0 ಎನ್ನುತ್ತಿತ್ತು. ಅಡಕ ಮಾಡಿದ ಕಡತ ಬಿಡಿಸುವಾಗ ಅದರ ಗಾತ್ರ ಹೀಗೆ ಸೊನ್ನೆಯೆಂದು ಬಂದು, ಕಡತವೇ ಇಲ್ಲವೆಂದು ವ್ಯವಸ್ಥೆ ಮುಂದೆ ಸಾಗಿಬಿಡುತ್ತಿತ್ತು. ಕ್ರ್ಯಾಶ್ ಇಲ್ಲ, ಎಚ್ಚರಿಕೆಯಿಲ್ಲ. ಗೇಮ್ ಆಡುವ ಕಂಪ್ಯೂಟರಿನಲ್ಲೇ ಮಗುವಿನ ಫೋಟೊಗಳಿರುತ್ತವೆ, ತಂದೆಯ ಆಸ್ಪತ್ರೆಯ ದಾಖಲೆಗಳಿರುತ್ತವೆ, ತೆರಿಗೆಯ ಲೆಕ್ಕವಿರುತ್ತದೆ. ಒಂದು ಬಿಟ್ ತಪ್ಪಾಗಿ ಉಳಿದ ಫೋಟೊ ವರ್ಷಗಳ ನಂತರ ತೆರೆದಾಗಷ್ಟೇ ಗೊತ್ತಾಗುತ್ತದೆ. ಅಷ್ಟರಲ್ಲಿ ಬ್ಯಾಕಪ್‌ಗೂ ಆ ಕೆಟ್ಟ ಪ್ರತಿಯೇ ಹೋಗಿರುತ್ತದೆ.

ಹೀಗೆ ಹಿಂದೆ ಸರಿಯುತ್ತಾ ಹೋದರೆ ಓವರ್‌ಕ್ಲಾಕ್ ಮಾಡಿ ಬಂದದ್ದೇನು ಎಂದು ಕೇಳುವವರಿಗೆ ಲೆಕ್ಕವನ್ನೇ ಮುಂದಿಡುತ್ತೇನೆ. 3.4ರಿಂದ ಹೊರಟು 4.7ರಲ್ಲಿ ಅಂಚು ಕಂಡವರು 4.5ಕ್ಕೆ ಹಿಂದೆ ಬಂದರೆ ಬಿಟ್ಟುಕೊಟ್ಟದ್ದು ಶೇ. 4ಕ್ಕೂ ತುಸು ಹೆಚ್ಚು, ಉಳಿಸಿಕೊಂಡದ್ದು ಶೇ. 32. ಸೆಕೆಂಡಿಗೆ 100 ಫ್ರೇಮ್ ತೋರಿಸುವ ಗೇಮಿನಲ್ಲಿ ಆ 4 ಫ್ರೇಮುಗಳನ್ನು ಕಣ್ಣು ಗುರುತಿಸದು. ಈಗಿನ ಚಿಪ್ಪುಗಳು ತಾವೇ ಅಂಚಿನವರೆಗೆ ಓಡುತ್ತವೆ, ನಮಗೆ ಮಾಡಲು ಏನೂ ಉಳಿದಿಲ್ಲ ಎಂಬ ಮಾತಿನಲ್ಲಿ ಹೆಚ್ಚಿನ ಸತ್ಯವಿದೆ. ಇಂದು ವೋಲ್ಟೇಜ್ ಇಳಿಸಿ ತಂಪಾಗಿಸುವವರೇ ಹೆಚ್ಚು. ಇಳಿಸುವುದೂ ಏರಿಸಿದಂತೆಯೇ, ಅದೇ ಅಂಚಿಗೆ ಇನ್ನೊಂದು ದಿಕ್ಕಿನಿಂದ ಹೋದಂತೆ. ಕ್ಲಾಕಿಗೆ ಕೈಹಾಕಿಲ್ಲವಾದ್ದರಿಂದ ಅಪಾಯವಿಲ್ಲ ಎಂದುಕೊಂಡು ಕರ್ವ್ ಆಪ್ಟಿಮೈಜರಿನಲ್ಲಿ ಎಲ್ಲ ಕೋರಿಗೂ ಮೈನಸ್ 30 ಎಂದು ಬರೆದು ಎದ್ದುಹೋಗುವವರಿಗೆ ಈ ಮಾತೆಲ್ಲ ಮೊದಲು ಅನ್ವಯಿಸುತ್ತದೆ.

ಆದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ತಾವೇ ಜೋಡಿಸಿಕೊಂಡ ಯಂತ್ರವನ್ನು ಪ್ರೀತಿಯಿಂದ ಹದಗೊಳಿಸುವವರಲ್ಲಿ ನನ್ನ ವಿನಂತಿ ಇದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರೊಸೆಸರಿನ ಅಂಚು ಹುಡುಕುವಾಗ ರ‍್ಯಾಮ್ ವೇಗವನ್ನು ಮುಟ್ಟಬೇಡಿ, ಇಲ್ಲವಾದರೆ ಯಾವುದು ಸೋತಿತೆಂದು ತಿಳಿಯದು. ಪ್ರತಿ ಹೆಜ್ಜೆಯನ್ನೂ, ಗುಣಕ, ವೋಲ್ಟೇಜ್, ಅತಿ ಹೆಚ್ಚಿನ ಉಷ್ಣತೆ, ಕೋಣೆಯ ಉಷ್ಣತೆಗಳ ಜೊತೆ, ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ವೋಲ್ಟೇಜಿನ ಹಸಿವು ಹಠಾತ್ತನೆ ಏರಿದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಯಂತ್ರ ಬೀಳದಿದ್ದರೂ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನಲ್ಲಿ 19ನೇ ಸಂಖ್ಯೆಯ ನಮೂದುಗಳಿವೆಯೇ ನೋಡಿ. ಹಾರ್ಡ್‌ವೇರ್ ತಪ್ಪಿ, ತಾನೇ ತಿದ್ದಿಕೊಂಡ ಗಳಿಗೆಗಳ ದಾಖಲೆ ಅದು. ಒಂದೇ ಒಂದು ಇದ್ದರೂ ಆ ಸೆಟ್ಟಿಂಗ್ ಬಿಡಿ. ಎರಡು ಮೆಟ್ಟಿಲು ಇಳಿದು ನಿಂತ ಮೇಲೆ, ಬರುವ ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ, ಫೋಟೊಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ಕೋಣೆಯ ಫ್ಯಾನ್ ಆರಿಸಿ, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ. ತಪ್ಪು ಕಾಣಿಸಿದರೆ ಗುಣಕವನ್ನು ಇನ್ನೊಂದು ಇಳಿಸಿ.